ಕೊಪ್ಪಿಕರ್ ರೋಡಿನ ಮಾಳಿಗೆ ಅಂಗಡಿ ಮತ್ತು ನನ್ನ ಮುಳಗುಂದ ಮದುವೆ

ಅಂಗಡಿ ಹೆಸರು ಬರೆಯುತ್ತಿಲ್ಲ, ಯಾಕಂದರೆ ಅದಕ್ಕೆ ಬೋರ್ಡೇ ಇಲ್ಲ. ಹುಬ್ಬಳ್ಳಿ ಕೊಪ್ಪಿಕರ್ ರೋಡಿನಿಂದ ಒಳಗೆ ಹೋಗುವ ಒಂದು ಓಣಿ. ಕೆಳಗೆ ಸೀರೆ ಅಂಗಡಿ, ಪಕ್ಕದಲ್ಲಿ ಒಬ್ಬರೇ ಹತ್ತಬಹುದಾದಷ್ಟು ಸಣ್ಣ ಮೆಟ್ಟಿಲು, ಮೇಲೆ ಒಂದು ಕೋಣೆ. ಕೆಟ್ಟುಹೋದ ಫೈಲು, ಡಿಸ್ಕ್ ನೋಡಿಕೊಡುವ ಅಂಗಡಿ ಅದು. "ರಿವ್ಯೂ ಬರೀತೀನ್ರಿ, ಹೆಸರು ಹೇಳ್ರಿ" ಅಂದದ್ದಕ್ಕೆ ಅಂಗಡಿಯವರು, "ಹೆಸರ ಹಾಕಬ್ಯಾಡವಾ, ನಾಳಿಂದ ಮಂದಿ ಮೊಬೈಲ್ ಡಿಸ್‌ಪ್ಲೇ ಹಾಕಸಾಕ ಬರ್ತಾರ" ಅಂದರು. ಆ ಭಾಗದಲ್ಲಿ ವಿಡಿಯೋ ಮಿಕ್ಸಿಂಗ್ ಮಾಡುವ ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ.

ನಾನು ಬೆಟಗೇರಿಯಲ್ಲಿ ಮನೆಯಲ್ಲೇ ಕೂತು ಮದುವೆ ವಿಡಿಯೋ ಎಡಿಟ್ ಮಾಡುವವಳು. ಗದಗಿನ ಮೂವರು ಫೋಟೋಗ್ರಾಫರ್‌ಗಳು ಹಾರ್ಡ್ ಡಿಸ್ಕ್ ತಂದು ಕೊಡುತ್ತಾರೆ, ನಾನು ಪ್ರೀಮಿಯರ್ ಪ್ರೊ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಕತ್ತರಿಸಿ, ಹೊಂದಿಸಿ, ಹಾಡು ಕೂರಿಸಿ ವಾಪಸ್ ಕೊಡುತ್ತೇನೆ. ಈ ಸಲದ್ದು ಮುಳಗುಂದದ ಮದುವೆ. ಮೂರು ಕ್ಯಾಮೆರಾ, ಒಂದು ಡ್ರೋನ್, ಎಲ್ಲ ಸೇರಿ 400 ಜಿಬಿ ಮೇಲೆ. ಅರಿಶಿಣ, ಸುರಗಿ, ಅಕ್ಕಿಕಾಳು, ರಿಸೆಪ್ಶನ್ ಎಲ್ಲ ಬೇರೆ ಬೇರೆ ಸೀಕ್ವೆನ್ಸ್, ಅಂದರೆ ಕ್ಲಿಪ್ ಜೋಡಿಸಿದ ಸಾಲು, ಮೇಲೊಂದು ಆರು ನಿಮಿಷದ ಹೈಲೈಟ್. ಹನ್ನೊಂದು ದಿನದ ಕೆಲಸ. ಮದುಮಗನ ರಜೆ ಮುಗಿಯುತ್ತಿತ್ತು, ಭಾನುವಾರ ಪುಣೆಗೆ ಹೊರಡುವವ. ಅಷ್ಟರೊಳಗೆ ಪೆನ್‌ಡ್ರೈವ್ ಕೈಗೆ ಸಿಗಬೇಕು ಅಂತ ಮದುಮಗಳ ಅಣ್ಣ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದ.

ಮಂಗಳವಾರ ಮಧ್ಯಾಹ್ನ ನಾಲ್ಕೂವರೆಗೆ ಕಂಟ್ರೋಲ್ ಎಸ್ ಒತ್ತಿದೆ, ಅದೇ ಗಳಿಗೆಗೆ ಲೈಟ್ ಹೋಯಿತು. ಯುಪಿಎಸ್ ಒಂದು ಸಲ ಕುಂಯ್ ಅಂದು ಅದೂ ಮಲಗಿತು. ಅದರ ಬ್ಯಾಟರಿ ಹೋಗಿದೆ ಅಂತ ನನಗೆ ದೀಪಾವಳಿಯಿಂದಲೇ ಗೊತ್ತಿತ್ತು. ಇವತ್ತು ನಾಳೆ ಅಂತ ತಳ್ಳಿಕೊಂಡು ಬಂದಿದ್ದೆ. ಲೈಟ್ ಬಂದ ಮೇಲೆ ಪ್ರಾಜೆಕ್ಟ್, ಅಂದರೆ ನನ್ನ ಎಡಿಟಿಂಗ್ ಕೆಲಸದ ಲೆಕ್ಕವೆಲ್ಲ ಇರುವ ಫೈಲು ತೆರೆದರೆ, ಫೈಲು ಹಾಳಾದಂತಿದೆ, ತೆರೆಯಲು ಆಗದು ಎಂಬ ಸಂದೇಶ. ಫೋಲ್ಡರ್‌ನಲ್ಲಿ ನೋಡಿದರೆ ಫೈಲು ಇದೆ, ಅಳತೆಯೂ ಮೊದಲಿನಂತೆ 6 ಎಂಬಿ. ಮತ್ತೆ ತೆರೆದೆ, ಮತ್ತೆ ಅದೇ ಸಂದೇಶ. ಸಾಫ್ಟ್‌ವೇರ್ ತಾನೇ ಆಗಾಗ ಪ್ರಾಜೆಕ್ಟ್‌ನ ಪ್ರತಿ ಇಡುವ ಆಟೋ ಸೇವ್ ಫೋಲ್ಡರ್ ನೋಡಿದೆ. ಅಲ್ಲಿದ್ದ ಕೊನೆಯ ಫೈಲು ಎಂಟು ದಿನ ಹಳೆಯದು. ಅಡುಗೆಮನೆಗೆ ಹೋಗಿ ಒಂದು ತಂಬಿಗೆ ನೀರು ಕುಡಿದು ಬಂದೆ. ಬಂದು ನೋಡಿದರೂ ಎಂಟು ದಿನ ಹಳೆಯದೇ.

ಹುಬ್ಬಳ್ಳಿಗೆ ಹೋಗುವ ಮೊದಲು ಗದಗಿನಲ್ಲೇ ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ. ಅದರ ಹೆಸರೂ ಬೇಡ. ಅಲ್ಲಿಯ ಹುಡುಗ ನನ್ನ ಸಿ ಡ್ರೈವ್‌ನಲ್ಲಿ ಯಾವುದೋ ರಿಕವರಿ ಸಾಫ್ಟ್‌ವೇರ್ ಹಾಕಿ ಎಡಿಟಿಂಗ್ ಡ್ರೈವನ್ನು ರಾತ್ರಿಯಿಡೀ ಸ್ಕ್ಯಾನ್‌ಗೆ ಬಿಟ್ಟ. ಬೆಳಿಗ್ಗೆ ಸಾವಿರಾರು ಹಳೆಯ ಫೋಟೋ, ಯಾವತ್ತೋ ಅಳಿಸಿದ್ದ ಹಾಡುಗಳು ಎದ್ದು ಬಂದಿದ್ದವು, ನನ್ನ ಮದುವೆ ಮಾತ್ರ ಇರಲಿಲ್ಲ. ಎಂಟುನೂರು ರೂಪಾಯಿ ತಗೊಂಡ. ಮೇಲಿಂದ, "ವಿಂಡೋಸ್ ಹೊಸದಾಗಿ ಹಾಕಿದ್ರ ಸರಿ ಆಗ್ತೈತ್ರಿ ಅಕ್ಕಾರ, ಸಿ ಡ್ರೈವ್ ಫಾರ್ಮ್ಯಾಟ್ ಹೊಡದಬಿಡ್ಲೇನ್ರಿ?" ಅಂದ. ಪ್ಲಗಿನ್‌ಗಳನ್ನೆಲ್ಲ ಮತ್ತೆ ಹಾಕಿಕೊಳ್ಳುವ ಬೇಸರಕ್ಕೆ ಬೇಡ ಅಂದೆ. ಆ ಬೇಸರ ನನ್ನನ್ನು ಉಳಿಸಿತು, ಹೇಗೆ ಅಂತ ಮುಂದೆ ಗೊತ್ತಾಗುತ್ತದೆ.

ಗುರುವಾರ ಸಿಪಿಯುವನ್ನು ಹಳೆಯ ಚಾದರದಲ್ಲಿ ಸುತ್ತಿ, ಡಿಸ್ಕನ್ನು ಬ್ಯಾಗಿಗೆ ಹಾಕಿಕೊಂಡು ಹುಬ್ಬಳ್ಳಿ ಬಸ್ ಹತ್ತಿದೆ. ಶಕ್ತಿ ಯೋಜನೆಯಲ್ಲಿ ನನಗೆ ಸೊನ್ನೆ ಟಿಕೆಟ್, ಸಿಪಿಯುಗೆ ಲಗೇಜ್ ಟಿಕೆಟ್. ಅಣ್ಣಿಗೇರಿ ದಾಟುವವರೆಗೂ ಅದನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಪಕ್ಕದಲ್ಲಿದ್ದ ಅಜ್ಜಿ, "ಏನವಾ ಅದು, ದೇವರೇನು?" ಅಂತ ಕೇಳಿದಳು. ಆ ಹೊತ್ತಿಗೆ ಹೌದು ಅನ್ನಬೇಕು ಅನಿಸಿತು.

ಅಂಗಡಿಯವರಿಗೆ ಐವತ್ತು ದಾಟಿರಬೇಕು. ಕನ್ನಡಕ ಹಣೆಯ ಮೇಲೆ, ಎದುರಿಗೆ ಮೂರು ಮಾನಿಟರ್, ಟೇಬಲ್ ತುಂಬ ಬಿಚ್ಚಿಟ್ಟ ಹಾರ್ಡ್ ಡಿಸ್ಕ್‌ಗಳು. ನಾನು ಕಥೆ ಶುರು ಮಾಡಿದೆ. ಅವರು ಅರ್ಧಕ್ಕೇ ಕೈ ಎತ್ತಿದರು.

"ಕೆಟ್ಟ ಮ್ಯಾಲೆ ಎಷ್ಟ ಸಲ ತಗದ್ರಿ?"

"ಹತ್ತ ಸಲ ಆಗಿರಬೇಕ್ರಿ ಅಣ್ಣಾರ."

"ಅದರ ಮ್ಯಾಲೆ ಸೇವ್ ಏನರ ಒತ್ತೀರೇನು?"

"ಇಲ್ರಿ."

"ಪುಣ್ಯಾ ಮಾಡೀರಿ. ಕುಂದರ್ರಿ."

ಮೊದಲು ಮಾಡಿದ ಕೆಲಸ, ಕೆಟ್ಟ ಫೈಲನ್ನು ತಮ್ಮ ಡಿಸ್ಕಿಗೆ ಕಾಪಿ ಮಾಡಿಕೊಂಡದ್ದು. ಮೂಲ ಫೈಲನ್ನು ಆಮೇಲೆ ಮುಟ್ಟಲೇ ಇಲ್ಲ. ನಂತರ ಆ ಕಾಪಿಯನ್ನು, ಫೈಲಿನ ಒಳಗಿನ ಅಂಕಿಗಳನ್ನು ಹಾಗೇ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದು ಮಾನಿಟರ್ ನನ್ನ ಕಡೆಗೆ ತಿರುಗಿಸಿದರು. ಪರದೆ ತುಂಬ ಸೊನ್ನೆ. ಕೆಳಗೆ ಎಳೆದಷ್ಟೂ ಸೊನ್ನೆ, ಎಳ್ಳು ಚೆಲ್ಲಿದ ಹಾಗೆ. ಪಕ್ಕದಲ್ಲಿ ನನ್ನದೇ ಬೇರೆ ಮದುವೆಯ ಒಳ್ಳೆಯ ಫೈಲು ತೆರೆದರು. ಅದು 1ಎಫ್, 8ಬಿ ಅಂತ ಶುರುವಾಗಿ ಮುಂದೆ ತರಹೇವಾರಿ ಅಕ್ಷರ, ಅಂಕಿ. ಪ್ರೀಮಿಯರ್‌ನ ಪ್ರಾಜೆಕ್ಟ್ ಫೈಲು ಅಂದರೆ ಜಿಜಿಪ್‌ನಲ್ಲಿ ಒತ್ತಿ ಕಟ್ಟಿದ ಗಂಟು. ಆ ಎರಡು ಗುರುತು ಗಂಟಿನ ಮೇಲಿನ ಮುದ್ರೆ. ನನ್ನ ಫೈಲಿಗೆ ಮುದ್ರೆಯೂ ಇಲ್ಲ, ಒಳಗೆ ಸಾಮಾನೂ ಇಲ್ಲ.

"ಮತ್ತ 6 ಎಂಬಿ ಹೆಂಗ ತೋರಸ್ತೈತ್ರಿ?"

"ಅಡತಿ ಅಂಗಡ್ಯಾಗ ಪಟ್ಟಿ ಬರದಾರ, ಚೀಲ ಇನ್ನೂ ಗಾಡಿಯಿಂದ ಇಳದಿಲ್ಲ, ಅಷ್ಟ." ವಿಂಡೋಸ್ ಫೈಲಿನ ಹೆಸರು, ಅಳತೆ, ಜಾಗ ಇವುಗಳ ಲೆಕ್ಕವನ್ನು ಜೋಪಾನವಾಗಿ ಬರೆದಿಡುತ್ತದೆ. ಒಳಗಿನ ಮಾಲು ಡಿಸ್ಕಿಗೆ ಇಳಿಯುವುದರೊಳಗೆ ಲೈಟ್ ಹೋದರೆ ಲೆಕ್ಕ ಉಳಿಯುತ್ತದೆ, ಮಾಲು ಇರುವುದಿಲ್ಲ. "ಈ ಫೈಲ್ ಯಾರ ಕಡೆಯಿಂದನೂ ಆಗೂದಿಲ್ಲ ತಂಗಿ. ಆಗ್ತೈತಿ ಅಂತ ಯಾರರ ರೊಕ್ಕಾ ಕೇಳಿದ್ರ ಕೊಡಬ್ಯಾಡ."

'ಅಕ್ಕಾರ' ಹೋಗಿ 'ತಂಗಿ' ಆಗಿದ್ದೆ. ಅಷ್ಟರಲ್ಲಿ ನನ್ನ ಕಣ್ಣಲ್ಲಿ ನೀರು ಬಂದಿದ್ದು ಅವರಿಗೆ ಕಂಡಿರಬೇಕು, ಒಂದು ಚಹಾ ತರಿಸಿದರು. ಈ ಅಂಗಡಿಗೆ ನಾನು ಕೊಡುವ ಅಂಕದಲ್ಲಿ ದೊಡ್ಡ ಪಾಲು ಆ ಒಂದು ಮಾತಿಗೆ. ಆಗದ ಕೆಲಸವನ್ನು ಹತ್ತು ನಿಮಿಷದಲ್ಲಿ ಆಗುವುದಿಲ್ಲ ಅಂದರು, ಅದಕ್ಕೆ ಪುರಾವೆಯನ್ನೂ ತೋರಿಸಿದರು.

ಆಮೇಲೆ ನನ್ನ ಸಿಪಿಯುಗೆ ವೈರ್ ಚುಚ್ಚಿ ಚಾಲೂ ಮಾಡಿದರು. ಎಲ್ಲ ಡ್ರೈವ್‌ಗಳಲ್ಲಿ ಪ್ರೀಮಿಯರ್ ಪ್ರಾಜೆಕ್ಟ್ ಫೈಲುಗಳನ್ನಷ್ಟೇ ಹುಡುಕಿ ತಾರೀಖಿನ ಪ್ರಕಾರ ಜೋಡಿಸಿದರು. ಸಿ ಡ್ರೈವ್‌ನ ಡಾಕ್ಯುಮೆಂಟ್ಸ್ ಫೋಲ್ಡರ್ ಒಳಗೆ ಇನ್ನೊಂದು ಆಟೋ ಸೇವ್ ಫೋಲ್ಡರ್! ಅದರಲ್ಲಿ ಇಪ್ಪತ್ತು ಫೈಲು, ಪ್ರತಿಯೊಂದರ ಹೆಸರಿನ ಬಾಲಕ್ಕೆ ತಾರೀಖು, ಗಂಟೆ, ನಿಮಿಷ. ಕೊನೆಯದು ಮಂಗಳವಾರ 4 ಗಂಟೆ 12 ನಿಮಿಷದ್ದು. ಲೈಟ್ ಹೋಗುವ ಹದಿನೆಂಟು ನಿಮಿಷ ಮೊದಲಿನದು.

ನಾನೇ ಮಾಡಿದ ಕಿತಾಪತಿ ಅದು. ಎಂಟು ದಿನದ ಹಿಂದೆ ಎಡಿಟಿಂಗ್ ಡ್ರೈವ್ ತುಂಬಿತ್ತು. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಸ್ಕ್ರ್ಯಾಚ್ ಡಿಸ್ಕ್ ಪುಟಕ್ಕೆ ಹೋಗಿ ಪ್ರಿವ್ಯೂ ಫೈಲುಗಳ ಜೊತೆಗೆ ಆಟೋ ಸೇವ್ ಜಾಗವನ್ನೂ ಡಾಕ್ಯುಮೆಂಟ್ಸ್‌ಗೆ ತಿರುಗಿಸಿದ್ದೆ. ತಿರುಗಿಸಿದ್ದು ಮರೆತಿತ್ತು. ಹಾಗಾಗಿ ಹಳೆಯ ಫೋಲ್ಡರ್ ಎಂಟು ದಿನದ ಹಿಂದೆಯೇ ನಿಂತಿತ್ತು. ಆ ಗದಗಿನ ಹುಡುಗ ಫಾರ್ಮ್ಯಾಟ್ ಹೊಡೆಯಲು ಹೊರಟಿದ್ದು ಇದೇ ಸಿ ಡ್ರೈವ್. ಮೇಲಾಗಿ ಅದು ಎಸ್‌ಎಸ್‌ಡಿ, ತಿರುಗುವ ಭಾಗ ಇಲ್ಲದ ಚಿಪ್ ಡಿಸ್ಕ್. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ ಅಳಿಸಿದ ಮೇಲೂ, ಮೇಲೆ ಬೇರೆ ಏನೂ ಬರೆಯದಿದ್ದರೆ, ಸಿಗುವ ಆಸೆ ಇರುತ್ತದೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಅನ್ನುವುದು ಅಳಿಸಿದ ಜಾಗವನ್ನು ತಾನೇ ಗುಡಿಸಿ ಸ್ವಚ್ಛ ಮಾಡಿಬಿಡುತ್ತದೆ. ಬಸ್ಸಿನ ಅಜ್ಜಿಯ ಮಾತು ಸುಳ್ಳಲ್ಲ.

ಕಥೆ ಅಲ್ಲಿಗೇ ಮುಗಿಯಲಿಲ್ಲ. 4 ಗಂಟೆ 12 ನಿಮಿಷದ ಫೈಲು ತೆರೆಯಲು ಹೋದರೆ ಮುಕ್ಕಾಲು ಲೋಡ್ ಆಗಿ ಅಲ್ಲೇ ನಿಂತಿತು. ಅವರು ಗಾಬರಿಯಾಗಲಿಲ್ಲ. ಹೊಸ ಖಾಲಿ ಪ್ರಾಜೆಕ್ಟ್ ಮಾಡಿ, ಇಂಪೋರ್ಟ್‌ಗೆ ಹೋಗಿ, ಕ್ಲಿಪ್ ಆರಿಸುವ ಬದಲು ಆ ಪ್ರಾಜೆಕ್ಟ್ ಫೈಲನ್ನೇ ಆರಿಸಿದರು. ಆಗ ಪ್ರೀಮಿಯರ್, ಪೂರಾ ಪ್ರಾಜೆಕ್ಟ್ ಬೇಕೋ, ಆರಿಸಿದ ಸೀಕ್ವೆನ್ಸ್ ಮಾತ್ರ ಸಾಕೋ ಅಂತ ಕೇಳುತ್ತದೆ. ಒಂದೊಂದೇ ಸೀಕ್ವೆನ್ಸ್ ಎಳೆದರು. ಅರಿಶಿಣ ಬಂತು. ಸುರಗಿ ಬಂತು. ಅಕ್ಕಿಕಾಳು ಬಂದಾಗ ನಾನು ಕುರ್ಚಿಯಿಂದ ಎದ್ದೇ ನಿಂತಿದ್ದೆ, ಯಾಕಂದರೆ ಮೂರು ಕ್ಯಾಮೆರಾ ಕೂಡಿಸಿ ಎರಡು ದಿನ ಮೈಮುರಿದ ಭಾಗ ಅದು. ರಿಸೆಪ್ಶನ್ ಬಂತು. ಹೈಲೈಟ್ ಮುಟ್ಟಿದ ಕೂಡಲೇ ಮತ್ತೆ ನಿಂತಿತು. ರೋಗ ಅಲ್ಲೇ ಇತ್ತು. ಹಿಂದಿನ ದಿನದ ಆಟೋ ಸೇವ್‌ನಿಂದ ಹೈಲೈಟ್ ಒಂದನ್ನೇ ಎಳೆದರು, ಬಂತು. ಅಂದರೆ ಹೈಲೈಟ್‌ನಲ್ಲಿ ಅರ್ಧ ದಿನದ ಕೆಲಸ ಹೋಯಿತು, ಉಳಿದದ್ದರಲ್ಲಿ ಹದಿನೆಂಟು ನಿಮಿಷ. ಎರಡು ಫೈಲಿನಿಂದ ತಂದದ್ದಕ್ಕೆ ಬಿನ್‌ನಲ್ಲಿ, ಅಂದರೆ ಪ್ರೀಮಿಯರ್ ಒಳಗೆ ಕ್ಲಿಪ್ ಇಡುವ ಫೋಲ್ಡರ್‌ನಲ್ಲಿ, ಪ್ರತಿ ಕ್ಲಿಪ್ಪೂ ಜೋಡಿ ಜೋಡಿಯಾಗಿ ಕೂತಿತ್ತು. ಎಡಿಟ್ ಮೆನುವಿನಲ್ಲಿ ಕನ್ಸಾಲಿಡೇಟ್ ಡೂಪ್ಲಿಕೇಟ್ಸ್ ಅಂತ ಒಂದಿದೆ, ಒತ್ತಿದರೆ ಜೋಡಿ ಒಂದಾಗುತ್ತದೆ. ಆರು ವರ್ಷದಿಂದ ಈ ಸಾಫ್ಟ್‌ವೇರ್ ಬಳಸುತ್ತಿದ್ದೇನೆ, ಅದನ್ನು ಅವತ್ತೇ ನೋಡಿದ್ದು.

ನಡುವೆ ಒಬ್ಬ ಹುಡುಗ ಹಾವೇರಿ ಕಡೆಯಿಂದ ಬಂದ, ಅವನದೂ "ಪ್ರಾಜೆಕ್ಟ್ ಕರಪ್ಟ್ ಆಗೇತ್ರಿ ಅಂಕಲ್". ನೋಡಿದರೆ ಗೆಳೆಯನ ಹೊಸ ಪ್ರೀಮಿಯರ್‌ನಲ್ಲಿ ಸೇವ್ ಮಾಡಿಕೊಂಡು ಬಂದು ತನ್ನ ಹಳೆಯದರಲ್ಲಿ ತೆರೆಯುತ್ತಿದ್ದಾನೆ. "ಇದು ಕೆಟ್ಟಿಲ್ಲೋ ತಮ್ಮಾ, ನಿನ್ನ ಸಾಫ್ಟ್‌ವೇರ್ ಮುದಕ ಆಗೇತಿ" ಅಂತ ಹೇಳಿ, ಫೈಲನ್ನು ಸೆವೆನ್ ಜಿಪ್ ಅನ್ನುವ ಸಾಫ್ಟ್‌ವೇರ್‌ನಿಂದ ಬಿಚ್ಚಿದರು. ಒಳಗೆ ಇರುವುದು ಬರೀ ಅಕ್ಷರದ ಎಕ್ಸ್‌ಎಂಎಲ್ ಪಠ್ಯ. ಮೇಲಿನ ಸಾಲುಗಳಲ್ಲಿ ಪ್ರಾಜೆಕ್ಟ್‌ನ ವರ್ಷನ್ ಸಂಖ್ಯೆ ಇತ್ತು, ಅದನ್ನು ತಿದ್ದಿ 1 ಮಾಡಿದರು, ಮತ್ತೆ ಗಂಟು ಕಟ್ಟಿದರು. ತೆರೆಯಿತು. ಹೊಸ ವರ್ಷನ್‌ನ ಎಫೆಕ್ಟ್ ಏನಾದರೂ ಬಳಸಿದ್ದರೆ ಅದು ಬಿದ್ದುಹೋಗಬಹುದು, ನೋಡಿಕೋ ಅಂದರು. ಐವತ್ತು ರೂಪಾಯಿ ತಗೊಂಡರು.

ಆ ಎಕ್ಸ್‌ಎಂಎಲ್ ನೋಡಿ ನನಗೆ ಕುತೂಹಲ ತಡೆಯಲಿಲ್ಲ, ನನ್ನದನ್ನೂ ಬಿಚ್ಚಿ ತೋರಿಸ್ರಿ ಅಂದೆ. ಸಾವಿರಾರು ಸಾಲು. ಮದುಮಗಳೂ ಇಲ್ಲ, ಹಂದರವೂ ಇಲ್ಲ. ಯಾವ ಕ್ಲಿಪ್ ಯಾವ ಡ್ರೈವ್‌ನ ಯಾವ ಫೋಲ್ಡರ್‌ನಲ್ಲಿದೆ, ಎಲ್ಲಿಂದ ಎಲ್ಲಿಗೆ ಕತ್ತರಿಸಿದೆ, ಯಾವ ಎಫೆಕ್ಟ್ ಎಷ್ಟು, ಇಷ್ಟೇ. 400 ಜಿಬಿ ಮದುವೆಯ ಮೇಲೆ ನಾನು ಹನ್ನೊಂದು ದಿನ ಮಾಡಿದ ತೀರ್ಮಾನಗಳೆಲ್ಲ ಆ 6 ಎಂಬಿಯಲ್ಲಿ. ಕತ್ತರಿಸಿದ ಜಾಗಗಳ ಎದುರಿಗೆ ಮಾತ್ರ ಉದ್ದುದ್ದ ಅಂಕಿಗಳು. "ಪ್ರೀಮಿಯರ್ ಒಂದ ಸೆಕೆಂಡ್ ಅನ್ನೂದನ್ನ 254016000000 ತುಣುಕ ಮಾಡತೈತಿ" ಅಂದರು. ತಮಾಷೆ ಅಂದುಕೊಂಡೆ. ವಾಪಸ್ ಬರುವಾಗ ಬಸ್ಸಿನಲ್ಲಿ ಮೊಬೈಲ್‌ನಲ್ಲಿ ಭಾಗಿಸಿ ನೋಡಿದೆ. ನಮ್ಮ ವಿಡಿಯೋದಲ್ಲಿ ಸೆಕೆಂಡಿಗೆ 25 ಫ್ರೇಮ್, ಅದಕ್ಕೆ ಭಾಗಿಸಿದರೆ ಒಂದು ಫ್ರೇಮ್‌ಗೆ 10160640000. 24ಕ್ಕೂ ಶೇಷ ಇಲ್ಲ, 30ಕ್ಕೂ ಇಲ್ಲ, ಆಡಿಯೋದಲ್ಲಿ ಸೆಕೆಂಡಿಗೆ ಬರುವ ಸ್ಯಾಂಪಲ್‌ಗಳಾದ 48000ಕ್ಕೂ ಇಲ್ಲ, 44100ಕ್ಕೂ ಇಲ್ಲ. ಯಾವ ಕ್ಯಾಮೆರಾ, ಯಾವ ಮೈಕ್ ತಂದು ಕೂಡಿಸಿದರೂ ಲೆಕ್ಕದಲ್ಲಿ ಚಿಲ್ಲರೆ ಉಳಿಯಬಾರದು ಅಂತ ಯಾರೋ ಕೂತು ಹುಡುಕಿದ ಅಂಕಿ. ಇದರಿಂದ ನನಗೇನೂ ಲಾಭವಿಲ್ಲ, ಆದರೂ ಎರಡು ದಿನದ ಸಂಕಟದ ಮೇಲೆ ಅದು ಸುಖ ಕೊಟ್ಟಿತು.

ಈಗ ದೂರುಗಳು. ಎರಡು ತಾಸಿನ ಮೇಲೆ ಆಯಿತು. ಅದರಲ್ಲಿ ಅರ್ಧ ತಾಸು ಅವರು ಕೆಳಗೆ ಯಾರದೋ ಜೊತೆ ನಿಂತು ಮಾತಾಡುತ್ತಿದ್ದರು, ನಾನು ಮೇಲೆ ಕಾಯುತ್ತಿದ್ದೆ. ಫೋನ್ ಮಾಡಿದರೆ ಎತ್ತುವುದಿಲ್ಲ. ಕೂರಲು ಇರುವುದು ಒಂದೇ ಕುರ್ಚಿ, ಇನ್ನೊಬ್ಬರು ಬಂದರೆ ನಿಲ್ಲಬೇಕು. ಗಾಡಿ ನಿಲ್ಲಿಸಲು ಆ ರೋಡಿನಲ್ಲಿ ಜಾಗ ಸಿಗುವುದು ಹೇಗೆ ಅಂತ ಹುಬ್ಬಳ್ಳಿಯವರಿಗೇ ಗೊತ್ತು. ಎಲ್ಲಕ್ಕಿಂತ ದೊಡ್ಡದು, ಗಿರಾಕಿಗಳ ಫೈಲು ಅವರ ಡಿಸ್ಕಿನಲ್ಲಿ ಹಾಗೇ ಉಳಿಯುತ್ತದೆ. ಅವರು ಕೆಟ್ಟವರಲ್ಲ, ಅಳಿಸುವ ರೂಢಿ ಇಲ್ಲ ಅಷ್ಟೇ. ಪರರ ಮನೆಯ ಮದುವೆ ನಮ್ಮ ಕೈಯಲ್ಲಿರುತ್ತದೆ, ಮದುಮಗಳು ರೆಡಿಯಾಗುವ ಶಾಟ್‌ಗಳೂ ಇರುತ್ತವೆ. ನಾನು ಕೇಳಿ, ನನ್ನ ಎದುರಿಗೇ ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿಸಿಕೊಂಡು ಬಂದೆ. "ಇಷ್ಟ ಯಾರೂ ಕೇಳಂಗಿಲ್ಲ ನೋಡವಾ" ಅಂದರು. ಕೇಳಬೇಕು. ನೀವು ಹೋದರೂ ಕೇಳಿ.

ತಗೊಂಡದ್ದು 1,200 ರೂಪಾಯಿ. ಕೆಲವರು, ಬರೀ ಹುಡುಕಿ ಇಂಪೋರ್ಟ್ ಮಾಡಿದ್ದಕ್ಕೆ ಇಷ್ಟೊಂದಾ? ನೀನೇ ಮಾಡಬಹುದಿತ್ತಲ್ಲ, ಅನ್ನುತ್ತಾರೆ. ಮಾಡಬಹುದಿತ್ತು. ಮಂಗಳವಾರ ಸಂಜೆ ನನಗೆ ಅದು ಹೊಳೆಯಲಿಲ್ಲ. ಗದಗಿನ 800 ರೂಪಾಯಿಗೆ ಹೋಲಿಸಿದರೆ ಈ ದುಡ್ಡು ನನಗೆ ಚುಚ್ಚಲೇ ಇಲ್ಲ.

ಹೊರಡುವ ಮೊದಲು ನನ್ನ ಸೆಟ್ಟಿಂಗ್ ತಿದ್ದಿ ಕೊಟ್ಟರು. ಆಟೋ ಸೇವ್ ಇಪ್ಪತ್ತು ನಿಮಿಷಕ್ಕೊಮ್ಮೆ ಇಟ್ಟುಕೊಂಡಿದ್ದೆ, ನಡುನಡುವೆ ತಡೆಯುತ್ತದೆ ಅಂತ. ಅದನ್ನು ಐದಕ್ಕೆ ಇಳಿಸಿದರು, ಇಡುವ ಪ್ರತಿಗಳನ್ನು ಇಪ್ಪತ್ತರಿಂದ ಐವತ್ತಕ್ಕೆ ಏರಿಸಿದರು. ಬರೀ ಐದು ನಿಮಿಷಕ್ಕೆ ಇಳಿಸಿ ಪ್ರತಿ ಇಪ್ಪತ್ತೇ ಬಿಟ್ಟರೆ ನೂರು ನಿಮಿಷದಲ್ಲಿ ಹಳೆಯದೆಲ್ಲ ಉರುಳಿ ಹೋಗುತ್ತದೆ. ರೋಗ ಹತ್ತಿದ ಹೈಲೈಟ್ ಆಗಲೇ ಎಲ್ಲ ಪ್ರತಿಯಲ್ಲೂ ಕೂತಿರುತ್ತದೆ. ನನಗೆ ಹಿಂದಿನ ದಿನದ ಪ್ರತಿ ಸಿಕ್ಕಿದ್ದು ಇಪ್ಪತ್ತು ನಿಮಿಷದ ಆ ಸೋಮಾರಿ ಸೆಟ್ಟಿಂಗ್‌ನಿಂದಲೇ ಅನ್ನುವುದೂ ನಿಜ, ಅವರಿಗೆ ಹೇಳಲಿಲ್ಲ. ಆಟೋ ಸೇವ್ ಜಾಗ ಈಗ ಪ್ರಾಜೆಕ್ಟ್ ಇರುವ ಡಿಸ್ಕಿನಲ್ಲಿ ಇಲ್ಲ, ಬೇರೆ ಡಿಸ್ಕಿನಲ್ಲಿದೆ, ಮಾನಿಟರ್ ಅಂಚಿಗೆ ಚೀಟಿ ಅಂಟಿಸಿದ್ದೇನೆ ಎಲ್ಲಿ ಅಂತ. ದಿನಾ ಸಂಜೆ ಸೇವ್ ಆ್ಯಸ್ ಮಾಡಿ ಹೆಸರಿನ ಮುಂದೆ ಹೊಸ ನಂಬರ್ ಹಾಕುತ್ತೇನೆ, ಆ ಫೈಲನ್ನು ನನಗೆ ನಾನೇ ಇಮೇಲ್ ಮಾಡಿಕೊಳ್ಳುತ್ತೇನೆ. 6 ಎಂಬಿ, ಒಂದು ಫಾರ್ವರ್ಡ್ ವಿಡಿಯೋದಷ್ಟೂ ಇಲ್ಲ. ಇದನ್ನು ಹೊಸದಾಗಿ ಕಲಿತೆ ಅಂತ ಹೇಳಿದರೆ ನಗುತ್ತಾರೆ. ನಮ್ಮ ಓಣಿಯಲ್ಲಿ ಎಡಿಯಸ್ ಅನ್ನುವ ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೇ ಕೆಲಸ ಮಾಡುವ ಕಾಕಾ ಒಬ್ಬರಿದ್ದಾರೆ, ಅವರು ವರ್ಷಗಳಿಂದ ಹೀಗೇ ನಂಬರ್ ಹಾಕಿಕೊಂಡು ಬಂದಿದ್ದಾರೆ.

ಒಂದು ಬೈಗುಳವೂ ತಿಂದೆ. ಬೇರೆ ಮದುವೆಯೊಂದರ ಪ್ರಾಜೆಕ್ಟ್ ಫೈಲು ಫೋಟೋಗ್ರಾಫರ್ ಕೊಟ್ಟ ಡಿಸ್ಕಿನಲ್ಲೇ ಇತ್ತು. ಅವರ ಮ್ಯಾಕ್‌ಗೂ ನನ್ನ ವಿಂಡೋಸ್‌ಗೂ ಹೊಂದಲಿ ಅಂತ ಅದು ಎಕ್ಸ್‌ಫ್ಯಾಟ್ ಅನ್ನುವ ಫಾರ್ಮ್ಯಾಟ್‌ನಲ್ಲಿದೆ. ಎಕ್ಸ್‌ಫ್ಯಾಟ್‌ಗೆ ವಿಂಡೋಸ್ ಡಿಸ್ಕಿನ ಆ ಲೆಕ್ಕದ ಪುಸ್ತಕವೂ ಇಲ್ಲ, ಇಜೆಕ್ಟ್ ಮಾಡದೆ ವೈರ್ ಕಿತ್ತರೆ ಫೈಲೇನು, ಫೋಲ್ಡರ್‌ಗೆ ಫೋಲ್ಡರೇ ಹಾರಿಹೋಗಬಹುದು. "ದೃಶ್ಯ ಅದರಾಗ ಇರಲಿ, ಪ್ರಾಜೆಕ್ಟ್ ಅದರಾಗ ಇಡಬ್ಯಾಡ. ಎಷ್ಟ ಸಲ ಹೇಳಬೇಕು ನಿಮಗ" ಅಂದರು. ನನಗೆ ಹೇಳಿದ್ದು ಅದೇ ಮೊದಲ ಸಲ, ಆದರೆ ಹುಬ್ಬಳ್ಳಿ ಧಾರವಾಡದ ಎಲ್ಲ ಎಡಿಟರ್‌ಗಳ ಪಾಲಿನದನ್ನು ನಾನೇ ಕೇಳಿಸಿಕೊಂಡೆ.

ಯುಪಿಎಸ್ ವಿಷಯದಲ್ಲಿ ಅವರ ಮಾತು ಸರಿ, ದರ ಸರಿಯಿಲ್ಲ. ನನ್ನದು 600 ವಿಎ. ಅದು ಹೊರುವುದು 360 ವ್ಯಾಟ್ ಮಾತ್ರ. ಗ್ರಾಫಿಕ್ಸ್ ಕಾರ್ಡ್ ಇರುವ ಸಿಸ್ಟಮ್ ರೆಂಡರ್‌ಗೆ ಬಿದ್ದಾಗ ಅದನ್ನು ದಾಟುತ್ತದೆ. ಹಾಗಾಗಿ ಬ್ಯಾಟರಿ ಹೊಸದಿದ್ದರೂ ಲೈಟ್ ಹೋದ ಕೂಡಲೇ ಅದು ಕೈಚೆಲ್ಲುತ್ತಿತ್ತು. 1100 ವಿಎ, 660 ವ್ಯಾಟ್‌ನದು ಬೇಕು ಅಂದರು. ಅವರು ಹೇಳಿದ ರೇಟ್ 5,900. ಅದೇ ಕಂಪನಿಯ ಅದೇ ಮಾಡೆಲ್ ಪಕ್ಕದ ಓಣಿಯಲ್ಲಿ 5,400ಕ್ಕೆ ಸಿಕ್ಕಿತು, ಅಲ್ಲಿಯೇ ತಗೊಂಡೆ. ಬ್ಯಾಟರಿ ಮೇಲೆ ತಿಂಗಳು, ವರ್ಷ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೇನೆ. ತಿಂಗಳಿಗೊಮ್ಮೆ, ಪ್ರಾಜೆಕ್ಟ್ ಎಲ್ಲ ಮುಚ್ಚಿ, ಗೋಡೆಯ ಸ್ವಿಚ್ ಆಫ್ ಮಾಡಿ ಎಷ್ಟು ನಿಮಿಷ ತಡೆಯುತ್ತದೆ ನೋಡುತ್ತೇನೆ. ಮೊದಲ ಪರೀಕ್ಷೆಗೆ ಹದಿಮೂರು ನಿಮಿಷ ಬಂತು. ಸೇವ್ ಮಾಡಿ, ಆಫ್ ಮಾಡಿ, ಹೊರಗೆ ಕಟ್ಟೆಗೆ ಹೋಗಿ ಕೂರಲು ಅಷ್ಟು ಸಾಕು.

ಮುಳಗುಂದದ ಪೆನ್‌ಡ್ರೈವ್ ಶನಿವಾರ ರಾತ್ರಿ ಹತ್ತಕ್ಕೆ ಕೊಟ್ಟೆ. ಹೈಲೈಟ್‌ನ ಕೊನೆಯ ಎರಡು ನಿಮಿಷ ಮೊದಲಿನಷ್ಟು ಚಂದ ಬರಲಿಲ್ಲ, ಅದು ನನಗೊಬ್ಬಳಿಗೇ ಗೊತ್ತು.

ಐದಕ್ಕೆ ನಾಲ್ಕು ಕೊಡುತ್ತೇನೆ. ಹೋಗುವುದಾದರೆ ಬೆಳಿಗ್ಗೆ ಹನ್ನೊಂದರ ಮೇಲೆ ಹೋಗಿ, ಮಧ್ಯಾಹ್ನ ಎರಡರಿಂದ ನಾಲ್ಕು ಬಾಗಿಲು ಹಾಕಿರುತ್ತಾರೆ, ಭಾನುವಾರ ರಜೆ. ಡಿಸ್ಕ್ ಒಂದನ್ನೇ ಒಯ್ಯಬೇಡಿ, ಸಿಪಿಯು ಸಮೇತ ಹೋಗಿ. ಬಿಲ್ ಬೇಕಿದ್ದರೆ ಮೊದಲೇ ಹೇಳಿ. ಇಲ್ಲದಿದ್ದರೆ ಗೋಡೆಯ ಕ್ಯಾಲೆಂಡರಿನಿಂದ ಹೋದ ತಿಂಗಳ ಹಾಳೆ ಹರಿದು ಅದರ ಹಿಂದೆ ಬರೆದು ಕೊಡುತ್ತಾರೆ. ನನ್ನದು ಅಮಾವಾಸ್ಯೆಯ ಚೌಕದ ಹಿಂದೆ ಬಂದಿದೆ.